ಸೈಟಿನ ನಡುವಿನ ದೇವರು

ಹುಲಿಗೆವ್ವ ಕೊಂಡ ನಿವೇಶನದ ನಡುವೆ ಅರಿಶಿನ ಬಳಿದ ಕಲ್ಲೊಂದಿತ್ತು. ಅದು ಪುರಾತನ ದೇವರ ಜಾಗವೆಂದು ಪಕ್ಕದ ಮನೆಯ ಬಸನಗೌಡ ತಕರಾರು ಹಾಕಿದ್ದಕ್ಕೆ ಪುರಸಭೆಯವರು ಮನೆ ಕಟ್ಟಲು ಪರವಾನಗಿ ಕೊಡಲಿಲ್ಲ. ಅವಳು ಮೇಲ್ಮನವಿ ಹಾಕಿದಳು. ವಿಚಾರಣೆಗೆ ಅಧಿಕಾರಿ ಸ್ಥಳಕ್ಕೇ ಬಂದರು.

“ಮುತ್ತಜ್ಜನ ಕಾಲದ ದೇವ್ರು ರೀ ಸಾಹೇಬ್ರ,” ಎಂದ ಗೌಡ. “ಇದರ ಮ್ಯಾಲೆ ಈಕಿ ಒಲಿ ಹೂಡ್ತಾಳಂತ.”

“ಹೋದ ವರ್ಷ ನಾ ಸೈಟ್ ತಗೊಂಡಾಗ ಈ ದೇವ್ರು ಯಾವ ಊರಿಗೆ ಹೋಗಿತ್ರಿ ಗೌಡ್ರ?”

“ಬಾಯಿ ಬಿಗಿ ಹಿಡಿ. ನಿಮ್ಮ ಕೇರ್ಯಾಗ ಜಾಗ ಇಲ್ಲೇನು, ನಮ್ಮ ಓಣಿನೇ ಬೇಕಾತೇನು?”

ಅಧಿಕಾರಿ ಚಪ್ಪಲಿ ಕಳಚಿ ಕಲ್ಲಿಗೆ ಕೈಮುಗಿದರು. ಮೇಲ್ಮನವಿಯೂ ಬಿದ್ದುಹೋಯಿತೆಂದು ಹುಲಿಗೆವ್ವನಿಗೆ ಗೊತ್ತಾಯಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಆಗ್ಲಿ ಸಾಹೇಬ್ರ, ನನಗ ಮನಿ ಬ್ಯಾಡ. ಇಲ್ಲೇ ದೇವ್ರಿಗೆ ಗುಡಿ ಕಟ್ಟಸ್ತೀನಿ. ಪೂಜಾರ್ಕಿ ನಂದು. ನಮ್ಮ ಕೇರಿ ಮಂದಿ ಎಲ್ಲಾ ದಿನಾ ಗೌಡ್ರ ಬಾಗಲ ಮುಂದ ಹಾದು ಬರ್ತೈತಿ. ಅಮಾಸಿಗೊಮ್ಮೆ ಕುರಿ ಕಡೀತೀವಿ.”

“ಜಾಗ ನಿಮ್ಮದು, ಬ್ಯಾಡ ಅನ್ನಾಕ ಬರಂಗಿಲ್ಲ,” ಎಂದರು ಅಧಿಕಾರಿ.

ಗೌಡ ಬಗ್ಗಿ, ಮುತ್ತಜ್ಜನ ಕಾಲದ ದೇವರನ್ನು ಎರಡೂ ಕೈಯಿಂದ ಕಿತ್ತು ಗಟಾರಕ್ಕೆ ಎಸೆದ.