ಹಿಮ ರೈಲಿನ ತಪಾಸಣೆ

"ಹಾಕ್ರಿ, ಗಾಲಿ ಮುಚ್ಚೂ ಹಂಗ ಹಾಕ್ರಿ!" ಎಂದು ಎಂಜಿನಿಯರ್ ಸುಶಾಂತ ಛತ್ರಿಯ ನೆರಳಿನಿಂದ ಕೂಗಿದ. ದುಬೈಯಲ್ಲಿ ಮೀನು ಮಾರುವ ಭಟ್ಕಳದ ಇಕ್ರಾಮುಲ್ಲಾ ತನ್ನ ಪಿಕಪ್ಪಿನಿಂದ ಐಸನ್ನು ಬುಟ್ಟಿ ಬುಟ್ಟಿಯಾಗಿ ಇಳಿಸುತ್ತಿದ್ದ. ಮೆಕ್ಯಾನಿಕ್ ಶೇಖಪ್ಪ ಅದನ್ನು ಸಲಿಕೆಯಿಂದ ರೈಲಿನ ಕೆಳಗೆ ತಳ್ಳುತ್ತಿದ್ದ. ಜನ್ಮದಲ್ಲಿ ಮೀನು ಮುಟ್ಟದ ಲಿಂಗವಂತ; ಕೊರಳಿನ ಲಿಂಗಕ್ಕೆ ನಾತ ತಾಗಬಾರದೆಂದು ಅದರ ಮೇಲೆ ಟವೆಲು ಸುತ್ತಿಕೊಂಡಿದ್ದ.

"ಶೇಖಪ್ಪಣ್ಣ, ಬೇಜಾರು ಮಾಡ್ಬೇಡಿ ಮಾರಾಯ್ರೆ," ಎಂದ ಇಕ್ರಾಮುಲ್ಲಾ. "ಐಸಿಗೆ ಜಾತಿ ಇಲ್ಲ, ವಾಸನೆ ಮಾತ್ರ ಉಂಟು."

ಹಿಮದ ನಾಡಿಗೆಂದೇ ಕಟ್ಟಿದ ವಿದ್ಯುತ್ ಎಕ್ಸ್‌ಪ್ರೆಸ್ ಅದು. ಇಪ್ಪತ್ತೈದು ವರ್ಷ ಹಿಮಗಾಳಿಯನ್ನು ಸೀಳಿಕೊಂಡು ಓಡಿ, ಮುಪ್ಪಿನಲ್ಲಿ ದುಬೈಯ ಒಂದು ವಿನೋದ ಉದ್ಯಾನಕ್ಕೆ ಮಾರಾಟವಾಗಿ ಬಂದಿತ್ತು. ಈಗ ಅದರ ಸೇವೆಯೆಂದರೆ ಪ್ರವಾಸಿಗರನ್ನು ಗೇಟಿನಿಂದ ಹೋಟೆಲಿನವರೆಗೆ ಒಂಟೆಯ ನಡಿಗೆಯಲ್ಲಿ ಒಯ್ಯುವುದು. ಮೂತಿಯಲ್ಲಿದ್ದ ಹಿಮ ತಳ್ಳುವ ನೇಗಿಲು, ಸೀಟಿನ ಕೆಳಗಿನ ಹೀಟರು ಎಲ್ಲ ಇದ್ದ ಹಾಗೆಯೇ ಇದ್ದವು. ನಿಯಮವೂ ಹಾಗೆಯೇ ಇತ್ತು: ಪ್ರತಿ ಅಕ್ಟೋಬರಿನಲ್ಲಿ ಹಿಮದ ಪರೀಕ್ಷೆ ಆಗಲೇಬೇಕು, ಇಲ್ಲವಾದರೆ ವಿಮೆ ಇಲ್ಲ. ಹಿಮವನ್ನು ಎಲ್ಲಿಂದ ತರಬೇಕೆಂದು ಮಾತ್ರ ನಿಯಮ ಹೇಳಿರಲಿಲ್ಲ.

ಶೇಖಪ್ಪನಿಗೆ ಪರೀಕ್ಷೆ ಬೇಗ ಮುಗಿದರೆ ಸಾಕಾಗಿತ್ತು. ನಾಡಿದ್ದು ಊರಿನಲ್ಲಿ ತೀರಿಕೊಂಡ ಹೆಂಡತಿ ಕಮಲಾಬಾಯಿಯ ವರ್ಷದ ಪೂಜೆ. ಹೋದ ಸಲ ಇದೇ ಪರೀಕ್ಷೆಯ ಹೆಸರಿನಲ್ಲಿ ಅವನನ್ನು ಅವಳ ಮಣ್ಣಿಗೂ ಬಿಟ್ಟಿರಲಿಲ್ಲ. ಈ ಸಲ ಸಂಜೆಯ ವಿಮಾನಕ್ಕೆ ಟಿಕೆಟು ತೆಗೆಸಿದ್ದ. ಸುಶಾಂತ ಹೂಂ ಅನ್ನಬೇಕಿತ್ತು, ಅಷ್ಟೇ.

ಸುಶಾಂತ ಛತ್ರಿ ಮಡಚಿ ರೈಲಿನ ಡಬ್ಬಿ ಹತ್ತಿದ. ಐಸಿನ ತಂಪು ತಗುಲಿದ್ದೇ ತಡ, ಮುದಿ ರೈಲಿಗೆ ತವರು ನೆನಪಾಗಿರಬೇಕು. ಬಾಗಿಲುಗಳನ್ನು ತಾನೇ ಬಿಗಿಯಾಗಿ ಮುಚ್ಚಿಕೊಂಡು ಹೀಟರನ್ನು ಭರ್ರೆಂದು ಹೊತ್ತಿಸಿಕೊಂಡಿತು. ಹೊರಗೆ ಸುಡುವ ಬಿಸಿಲು, ಒಳಗೆ ಅದಕ್ಕೂ ಮಿಗಿಲಾದ ಬೇಗೆ. ಸುಶಾಂತ ಕಿಟಕಿ ಬಡಿಯತೊಡಗಿದ. ಶೇಖಪ್ಪ ಓಡಿಹೋಗಿ ತುರ್ತು ಹಿಡಿಕೆ ಎಳೆದು ಬಾಗಿಲು ತೆಗೆದಾಗ, ಸುಶಾಂತ ಒಣಮೆಣಸಿನಕಾಯಿಯ ಬಣ್ಣದ ಮುಖ ಹೊತ್ತು ಕೆಳಗಿಳಿದು, ಏದುಸಿರಿನಲ್ಲೇ ಹೇಳಿದ: "ಎಕ್ಸಲೆಂಟ್! ಹೀಟರ್ ಪಾಸ್!"

"ಹಂಗಾರ ಸರ, ನಾ ಸಂಜೀಕೆ ಹೊಂಡ್ಲೇನ್ರಿ?"

"ಎಲ್ಲಿಗ್ರೀ? ಹೊಸಾ ಸರ್ಕ್ಯುಲರ್ ಬಂದದ. ಪರೀಕ್ಷಾ ಮಾಡಿದ ಮೆಕ್ಯಾನಿಕ್ ಚಳಿಗಾಲ ಮುಗಿಯೂತನಕ ಜಾಗಾ ಬಿಡೂ ಹಂಗಿಲ್ಲ. ನಡುವ ಹಿಮಾ ಬಿದ್ದು ರೈಲು ನಿಂತ್ರ ಯಾರ್ ನೋಡೋರು?"

"ಇಲ್ಲಿ ಹಿಮಾ ಯಾವಾಗ ಬೀಳ್ತೈತ್ರಿ?"

"ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

ಇಕ್ರಾಮುಲ್ಲಾನಿಗೆ ತಡೆಯಲಾಗಲಿಲ್ಲ. "ಅವರ ಹೆಂಡತಿಯ ವರ್ಷ, ಸಾರ್. ಕಳಿಸಿಕೊಡಿ, ಖಲಾಸ್! ರೈಲು ಎಲ್ಲಿಗೆ ಓಡಿ ಹೋಗ್ತದೆ?"

"ನಾನೇನು ಕಲ್ಲೇನು?" ಸುಶಾಂತ ಬೆವರು ಒರೆಸಿಕೊಂಡ. "ಚಳಿಗಾಲ ಮುಗೀಲಿ, ಆ ಕ್ಷಣಾನ ಬಿಡ್ತೀನಿ. ಮಾತಂದ್ರ ಮಾತು."

ಶೇಖಪ್ಪ ಬಗ್ಗಿ ರೈಲಿನ ಕೆಳಗೆ ನೋಡಿದ. ಅಷ್ಟು ಹೊತ್ತು ಸುರಿದ ಐಸು ನೀರಾಗಿ, ನೀರು ಮರಳಿಗಿಳಿದು, ಮರಳು ಆಗಲೇ ಬೆಳ್ಳಗೆ ಒಣಗಿತ್ತು. ಕಂಬಿಯ ಮೇಲೆ ಮೀನಿನ ನಾಲ್ಕು ಹುರುಪೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವನು ಸಲಿಕೆಯನ್ನು ರೈಲಿಗೆ ಆನಿಸಿ ಕೈ ಕೊಡವಿದ.

"ಚಳಿಗಾಲ ಮುಗೀತ್ರಿ ಸರ," ಎಂದವನೇ ಹಿಂತಿರುಗಿ ನೋಡದೆ ಗೇಟಿನ ಕಡೆ ಹೊರಟ.