ಹತ್ತು ಆಂಪಿಯರ್

ತಿಥಿಗೆ ಬಂದ ನೆಂಟರೆಲ್ಲ ಹೊರಟ ಮರುದಿನ ಬೆಳಗ್ಗೆ, ಗಂಡ ಎರವಲು ತಂದಿದ್ದ ಕರೆಂಟು ಅಳೆಯುವ ಮೀಟರನ್ನು ಎದುರುಮನೆಯ ಎಲೆಕ್ಟ್ರಿಷಿಯನ್‌ಗೆ ಹಿಂದಿರುಗಿಸಲು ಹೋದೆ.

"ಗೀಸರ್ ಹತ್ತು ಆಂಪಿಯರ್ ಎಳೀತಿದೆ ಅಂತ ಅವರು ಓದಿ ಹೇಳಿದ್ರು ಅಣ್ಣ. ಇನ್ನೂರ ಮೂವತ್ತು ವೋಲ್ಟಿಗೆ ಗುಣಿಸಿ, ಎರಡು ಸಾವಿರದ ಮುನ್ನೂರು ವ್ಯಾಟ್, ಹಳೇ ವೈರೇ ತಡೆಯುತ್ತೆ ಅಂದವಳು ನಾನು. ಅದು ಕರಗಿಯೇ ಅವರಿಗೆ ಶಾಕ್ ಹೊಡೆದದ್ದು."

ಎಲೆಕ್ಟ್ರಿಷಿಯನ್ ಮೀಟರನ್ನು ತಿರುಗಿಸಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ ಕಣಮ್ಮ. ಈ ಮೀಟರೇ ಕೆಟ್ಟಿದೆ, ಕರೆಂಟನ್ನ ಅರ್ಧ ತೋರಿಸುತ್ತೆ. ಇದನ್ನ ಕೊಟ್ಟಿದ್ದು ನನ್ನ ತಪ್ಪು."

ಎಷ್ಟೋ ದಿನಗಳ ಮೇಲೆ ನನಗೆ ಪೂರ್ತಿ ಉಸಿರು ಬಂತು.

ಒಳಗಿನಿಂದ ಅವರ ಹೆಂಡತಿ ಕೂಗಿದರು. "ರೀ, ಮೂಲೆಮನೆಯವರು ಗೀಸರ್ ನೋಡೋಕೆ ಕಾಯ್ತಿದ್ದಾರಂತೆ!"

"ಬಂದೆ" ಎನ್ನುತ್ತ ಅವರು ಅದೇ ಮೀಟರನ್ನು ಕೆಲಸದ ಚೀಲಕ್ಕೆ ಹಾಕಿಕೊಂಡು ಹೊರಟರು.