ಸೂಜಿದಿಂಬು

“ಈ ದಿಂಬಿಗೂ ಒಂದು ಕಥೆ ಇದೆ ನೋಡಮ್ಮ,” ಎಂದು ಮನೆಯಾಕೆ ಅಂಗೈ ಅಗಲದ ಸೂಜಿದಿಂಬನ್ನು ಮೇಜಿನ ಮೇಲಿಟ್ಟರು. ಹೊಲಿಯುವವರು ಸೂಜಿ ಚುಚ್ಚಿಡುವ ಮಖಮಲ್ಲಿನ ದಿಂಬು, ಕೆಂಪು ಬಣ್ಣ ಮಾಸಿ ಕಂದಾಗಿತ್ತು. ಕೊಳ್ಳಲು ಬಂದವಳು ಹಳೆಯ ಹೊಲಿಗೆ ಸಾಮಾನು ಹುಡುಕಿ ಊರೂರು ಅಲೆಯುವವಳು. ಚೌಕಾಸಿಯಲ್ಲಿ ಗಟ್ಟಿಗಿತ್ತಿ, ವ್ಯಾಪಾರಿಗಳು ಅವಳನ್ನು ಬೆನ್ನ ಹಿಂದೆ ಕತ್ತರಿಯಮ್ಮ ಅನ್ನುತ್ತಿದ್ದರು.

ಕಥೆ ಇಷ್ಟೆ. ಮನೆಯಾಕೆಯ ಅತ್ತೆ ಒಂದು ಕಾಲಕ್ಕೆ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಕಸೂತಿ ಮಾಡಿಸುತ್ತಿದ್ದರು. ಆಗೆಲ್ಲ ಒಳ್ಳೆಯ ಸೂಜಿಗಳು ಪರದೇಶದಿಂದ ಹಡಗಿನಲ್ಲಿ ಬರಬೇಕಿತ್ತು, ಬಲು ದುಬಾರಿ. ಒಂದೊಂದೇ ಕಾಣೆಯಾಗತೊಡಗಿದಾಗ ಅತ್ತೆಗೆ ಒಬ್ಬಳ ಮೇಲೆ ಗುಮಾನಿ ಬಂತು. ಎಲ್ಲರೆದುರು ಅವಳ ಚೀಲ ಕೊಡವಿಸಿದರು, ಏನೂ ಉದುರಲಿಲ್ಲ. ಆದರೂ ಕೆಲಸದಿಂದ ಓಡಿಸಿದರು. ಆಮೇಲೆ ಊರಿನಲ್ಲಿ ಯಾರೂ ಆ ಕಳ್ಳಿಯ ಕೈಗೆ ಹರಿದ ಅಂಗಿಯನ್ನೂ ಕೊಡಲಿಲ್ಲವಂತೆ.

ಕತ್ತರಿಯಮ್ಮನಿಗೆ ಈ ಕಥೆ ಬಾಯಿಪಾಠ. ಆ ಕಳ್ಳಿ ಅವಳ ತಾಯಿ. ಹಳೆಯ ದಿಂಬುಗಳು ಸೂಜಿ ನುಂಗುತ್ತವೆ, ಚುಚ್ಚಿದ ಸೂಜಿ ದಿನ ಕಳೆದಂತೆ ಒಳಕ್ಕೆ ಜಾರಿ ಮಾಯವಾಗುತ್ತದೆ ಎಂದು ಅವಳಿಗೆ ತಿಳಿದದ್ದು ಈ ಕಸುಬಿಗೆ ಬಂದ ಮೇಲೆ. ಅಂದಿನಿಂದ ಈ ಒಂದು ದಿಂಬಿಗಾಗಿ ಹಂಬಲಿಸಿದ್ದಳು. ಕೈಗೆತ್ತಿಕೊಂಡಳು. ಇರಬೇಕಾದ್ದಕ್ಕಿಂತ ಭಾರವಾಗಿತ್ತು. ಹೇಳಿದ ಬೆಲೆಯನ್ನು ಚಕಾರವೆತ್ತದೆ ಕೊಟ್ಟು, ಒಂದು ಕತ್ತರಿ ಕೇಳಿದಳು.

“ಬಿಚ್ಚಿದ್ರೆ ಅದು ಮೂರು ಕಾಸಿಗೂ ಬಾಳಲ್ಲಮ್ಮ,” ಎಂದು ಮನೆಯಾಕೆ ಗಾಬರಿಯಾದರು. ಮಾತು ನಿಜ. ಹಳೆಯ ವಸ್ತುವಿಗೆ ಕತ್ತರಿ ಹಾಕುವುದು ಆ ಕಸುಬಿನಲ್ಲಿ ಶುದ್ಧ ಹುಚ್ಚುತನ. ಅವಳು ಅಂಚಿನ ಹೊಲಿಗೆ ಬಿಚ್ಚಿಯೇಬಿಟ್ಟಳು. ಒಳಗಿನ ಉಣ್ಣೆಯನ್ನು ಬೆರಳಿಂದ ಹಿಂಜಿದಂತೆ ಸೂಜಿಗಳು ಒಂದರ ಹಿಂದೊಂದು ಹೊರಬಂದವು. ಉಣ್ಣೆಯ ಜಿಡ್ಡಿಗೆ ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಒಟ್ಟು ಇಪ್ಪತ್ತಮೂರು.

ಮನೆಯಾಕೆ ಸೂಜಿಗಳನ್ನು ತಾವೂ ಒಮ್ಮೆ ಎಣಿಸಿದರು. ಆ ಹೆಣ್ಣುಮಗಳು ಬದುಕಿದ್ದಾಳೋ ಏನೋ ಎಂದರು. “ಇದ್ದಾರೆ. ನಮ್ಮಮ್ಮ,” ಎಂದಳು ಕತ್ತರಿಯಮ್ಮ. ಮನೆಯಾಕೆ ಅವಳ ಎರಡೂ ಕೈ ಹಿಡಿದುಕೊಂಡು, ಸತ್ತ ಅತ್ತೆಯ ಪರವಾಗಿ ಕ್ಷಮೆ ಕೇಳಿದರು.

ಮನೆಗೆ ಬಂದವಳೇ ತಾಯಿಯ ಮಡಿಲಲ್ಲಿ ಬಿಳಿ ಬಟ್ಟೆ ಹಾಸಿ ಸೂಜಿಗಳನ್ನು ಸಾಲಾಗಿ ಜೋಡಿಸಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ತಾಯಿ ಅತ್ತುಬಿಡುತ್ತಾಳೆ ಅಂದುಕೊಂಡಿದ್ದಳು, ತನಗೇ ಅಳು ಬಂತು. ಮಂಜುಗಣ್ಣಿನ ಮುದುಕಿ ಒಂದೊಂದೇ ಸೂಜಿಯನ್ನು ಬೆರಳ ತುದಿಯಲ್ಲಿ ಸವರಿ ನೋಡಿದಳು.

“ಕಾಣೆಯಾಗಿದ್ದು ಇಪ್ಪತ್ನಾಲ್ಕು. ಇನ್ನೊಂದು ಇರಬೇಕಿತ್ತು,” ಎಂದಳು.

“ಎಲ್ಲಾ ಸಿಕ್ತಮ್ಮಾ. ನೀನು ಒಂದನ್ನೂ ಮುಟ್ಟಿರಲಿಲ್ಲ ಅಂತ ಅವರೇ ಒಪ್ಕೊಂಡ್ರು.”

“ಒಂದನ್ನ ಮುಟ್ಟಿದ್ದೆ ಕಣೇ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಅದಕ್ಕೇ ಅವತ್ತು ಎದುರು ಮಾತಾಡೋಕೆ ಬಾಯಿ ಬರ್ಲಿಲ್ಲ.”

ಮಗಳು ಸೂಜಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ, ಆ ಸೂಜಿ ಏನಾಯಿತು ಎಂದು ಕೇಳಿದಳು.

“ನಿನಗೆ ಹೊಲಿಗೆ ಕಲಿಸಿದ್ದು ಅದರಲ್ಲೇ.”